ಸಂಗಾತಿಗೆ ಆಟಿಸಂ ಇದ್ದರೆ ಮದುವೆ ರದ್ದಾಗುತ್ತಾ? ಕಾನೂನು ಏನು ಹೇಳುತ್ತೆ, ಮನೆಯೊಳಗೆ ಏನಾಗುತ್ತೆ? ಇಲ್ಲಿದೆ ಮಾಹಿತಿ

ಠಾಣೆ: ಮದುವೆ ಸೀಸನ್ ಬಂತೆಂದರೆ ನೌಪಾಡಾದ ಗೋಖಲೆ ರಸ್ತೆ, ರಾಮ ಮಾರುತಿ ರಸ್ತೆಗಳಲ್ಲಿ ಸೀರೆ, ಒಡವೆ ಕೊಳ್ಳುವವರ ನೂಕುನುಗ್ಗಲು. ಮನೋವೈದ್ಯ ಡಾ. ಆನಂದ ನಾಡಕರ್ಣಿ 1990ರಲ್ಲಿ ಠಾಣೆಯಲ್ಲಿ ಶುರು ಮಾಡಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಸಂಸ್ಥೆಯ ಕೇಂದ್ರ ಇರುವುದೂ ಇದೇ ನೌಪಾಡಾದಲ್ಲಿ. ಒಂದು ಕಾಲಕ್ಕೆ ಮುಂಬೈಯಲ್ಲಿ 'ಇವನನ್ನು ಠಾಣೆಗೆ ಕಳಿಸಬೇಕು' ಎಂದರೆ ಅದು ಇಲ್ಲಿನ 1901ರ ಮಾನಸಿಕ ಆಸ್ಪತ್ರೆಯ ಕುರಿತ ಕುಹಕ. ಈಗ ಪೇಟೆ ನಡುವೆಯೇ ಆಪ್ತಸಮಾಲೋಚನೆ ಸಿಗುತ್ತದೆ. ಆದರೂ ಜಾತಕ, ಸಂಬಳ, ಫ್ಲ್ಯಾಟು ಎಲ್ಲವನ್ನೂ ಕೇಳಿ ತಿಳಿಯುವ ಹಿರಿಯರು ಆಟಿಸಂ ವಿಷಯ ಬಂದರೆ ಮಾತು ಬದಲಿಸುತ್ತಾರೆ.

ಆಟಿಸಂ, ಅಂದರೆ ಸ್ವಲೀನತೆ, ಮಕ್ಕಳ ಸಮಸ್ಯೆ ಎಂದೇ ಹಲವರ ನಂಬಿಕೆ. ಇದು ಹುಟ್ಟಿನಿಂದ ಬರುವ ಮೆದುಳಿನ ಬೆಳವಣಿಗೆಯ ಭಿನ್ನತೆ, ವಯಸ್ಸಾದಂತೆ ಹೋಗುವಂಥದ್ದಲ್ಲ. ಹಿಂದೆ 'ಆಸ್ಪರ್ಜರ್ಸ್' ಎಂದು ಪ್ರತ್ಯೇಕವಾಗಿ ಕರೆಯುತ್ತಿದ್ದುದನ್ನೂ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಆಟಿಸಂ ಸ್ಪೆಕ್ಟ್ರಮ್‌ಗೆ ಸೇರಿಸಿತು. 2010ರ 'ಮೈ ನೇಮ್ ಈಸ್ ಖಾನ್' ಚಿತ್ರದಲ್ಲಿ ಶಾರುಖ್ ಖಾನ್ ಮಾಡಿದ್ದು ಇಂಥ ಗಂಡನ ಪಾತ್ರವನ್ನೇ. ಸಿನಿಮಾದಲ್ಲಿ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ನಿಜ ಜೀವನದಲ್ಲಿ ಓದು, ಕೆಲಸ ಎಲ್ಲ ಚೆನ್ನಾಗಿರುವ ಎಷ್ಟೋ ಮಂದಿಗೆ ತಮ್ಮದು ಆಟಿಸಂ ಎಂದೇ ತಿಳಿದಿರುವುದಿಲ್ಲ. ಮಗುವನ್ನು ತಪಾಸಣೆಗೆ ಕರೆದೊಯ್ದಾಗ ವೈದ್ಯರ ಪ್ರಶ್ನೆಗಳನ್ನು ಕೇಳಿ, 'ಇದೆಲ್ಲ ನನಗೂ ಇತ್ತಲ್ಲ' ಎಂದು ಅಪ್ಪನಿಗೋ ಅಮ್ಮನಿಗೋ ಹೊಳೆಯುವುದುಂಟು.

ಜಗಳ ಶುರುವಾಗುವುದು ಎಲ್ಲಿ?

ಬಹುತೇಕ ಸಣ್ಣ ಮಾತಿನಲ್ಲಿ. 'ಮನೆಯಲ್ಲಿ ತರಕಾರಿ ಖಾಲಿ' ಎಂದು ಹೆಂಡತಿ ಹೇಳುತ್ತಾಳೆ. ಗಂಡ 'ಹೌದಾ' ಎಂದು ಸುಮ್ಮನಾಗುತ್ತಾನೆ. ಅವಳು ಹೇಳಿದ್ದು 'ತಂದುಕೊಡಿ' ಎಂದು, ಅವನಿಗೆ ಕೇಳಿಸಿದ್ದು ಬರೀ ಸುದ್ದಿ. ಮುನಿಸಿಕೊಂಡು 'ನನಗೇನೂ ಆಗಿಲ್ಲ' ಎಂದರೆ ಅದನ್ನೂ ನಿಜವೆಂದೇ ನಂಬುತ್ತಾನೆ. ಅವಳ ಪಾಲಿಗೆ ಅವನು ಕಲ್ಲುಮನಸ್ಸಿನವನು. ಅವನ ಪಾಲಿಗೆ ಅವಳು ಕಾರಣವಿಲ್ಲದೆ ಸಿಡುಕುವವಳು.

ಹೆಂಡತಿಗೆ ಆಟಿಸಂ ಇದ್ದರೆ ಪಾಡು ಇನ್ನೂ ಕಷ್ಟ. ಹೆಣ್ಣುಮಕ್ಕಳು ಬೇರೆಯವರನ್ನು ನೋಡಿ ನಗು, ಮಾತು ಅನುಕರಿಸಿ ತಮ್ಮ ಕಷ್ಟ ಮುಚ್ಚಿಕೊಳ್ಳುವುದು ಹೆಚ್ಚು, ಹಾಗಾಗಿ ಗುರುತಾಗುವುದೂ ತಡ. ಒಂದು ಬೆಡ್‌ರೂಮಿನ ಮನೆ, ಕುಕ್ಕರ್ ಸೀಟಿ, ಜೋರು ಟಿವಿ, ಹೇಳದೆ ಕೇಳದೆ ಬರುವ ನೆಂಟರು. ತಾಳಲಾಗದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ 'ಸೊಸೆಗೆ ಅಹಂಕಾರ' ಎಂಬ ಹೆಸರು ಬರುತ್ತದೆ.

ಆಟಿಸಂ ಇರುವವರಿಗೆ ಪ್ರೀತಿ, ಮರುಕ ಇಲ್ಲ ಎಂಬ ಮಾತು ತಪ್ಪು. ಬ್ರಿಟನ್‌ನ ಸಂಶೋಧಕ, ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದದ ಪ್ರಕಾರ ಅರ್ಥವಾಗದಿರುವುದು ಎರಡೂ ಕಡೆಗೆ: ಇವರಿಗೆ ಅವರ ಸೂಚನೆ ತಿಳಿಯದು, ಅವರಿಗೆ ಇವರದ್ದು ತಿಳಿಯದು. ಹಾಗೆಂದು ಹೊಡೆತ, ಬೈಗುಳಕ್ಕೆ ಆಟಿಸಂ ನೆಪವಾಗುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅಲ್ಲಿಯೂ ಅನ್ವಯಿಸುತ್ತದೆ.

ಕಾನೂನು ಏನು ಹೇಳುತ್ತದೆ?

ಆಟಿಸಂ ಇರುವವರು ಮದುವೆಯಾಗಬಾರದು ಎಂದು ಯಾವ ಕಾಯ್ದೆಯೂ ಹೇಳಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಇದೂ ಒಂದು. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಪ್ಪಂದದ 23ನೇ ವಿಧಿ ಅಂಗವಿಕಲರಿಗೆ ಮದುವೆಯಾಗುವ, ಸಂಸಾರ ಕಟ್ಟಿಕೊಳ್ಳುವ ಹಕ್ಕನ್ನು ಮಾನ್ಯ ಮಾಡುತ್ತದೆ.

ತೊಡಕಿರುವುದು 1955ರ ಹಿಂದೂ ವಿವಾಹ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ. ವಧು ಅಥವಾ ವರ ಸಮ್ಮತಿ ಕೊಡಲಾಗದಷ್ಟು ಅಸ್ವಸ್ಥಚಿತ್ತರಾಗಿರಬಾರದು, ಸಂಸಾರಕ್ಕೆ ಮತ್ತು ಸಂತಾನಕ್ಕೆ ಅನರ್ಹರಾಗುವ 'ಬಗೆಯ ಅಥವಾ ಪ್ರಮಾಣದ' ಮಾನಸಿಕ ತೊಂದರೆ ಇರಬಾರದು ಎನ್ನುತ್ತದೆ ಅದು. ಭಾಷೆ ಹಳೆಯದು, ಕಟುವಾದದ್ದು. ಆದರೆ 'ಪ್ರಮಾಣ' ಎಂಬ ಪದವೇ ಇಲ್ಲಿ ಮುಖ್ಯ. ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ (1988) ಹೆಂಡತಿಗೆ ಸ್ಕಿಜೋಫ್ರೇನಿಯಾ ಇದೆ ಎಂದು ಗಂಡ ವಿಚ್ಛೇದನ ಕೇಳಿದ್ದರು. ಕಾಯಿಲೆಯ ಹೆಸರೊಂದೇ ಸಾಲದು, ಅದರ ತೀವ್ರತೆ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದು ವಿಚ್ಛೇದನದ ಸೆಕ್ಷನ್ ಕುರಿತ ತೀರ್ಪು. ಆದರೂ ಸರ್ಟಿಫಿಕೇಟ್ ತೋರಿಸಿದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ ಎಂಬುದು ಅದರಿಂದ ಸ್ಪಷ್ಟ.

ಮುಚ್ಚಿಟ್ಟರೆ ಕಥೆ ಬೇರೆ. ಮಹತ್ವದ ಸಂಗತಿಯನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದರೆ 12ನೇ ಸೆಕ್ಷನ್ ಅಡಿ ಮದುವೆ ರದ್ದು ಕೋರಬಹುದು. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಿಳಿದ ಮೇಲೂ ಮನಸಾರೆ ಒಟ್ಟಿಗೆ ಬಾಳಿದರೆ ಆ ದಾರಿ ಮುಚ್ಚುತ್ತದೆ. 'ಮದುವೆಯಾದರೆ ಎಲ್ಲ ಸರಿಹೋಗುತ್ತೆ' ಎಂದು ಮಗನ ವೈದ್ಯಕೀಯ ಫೈಲನ್ನು ಬೀರುವಿನಲ್ಲಿಡುವ ತಂದೆತಾಯಿ ಮಗನನ್ನೇ ಕೋರ್ಟಿನ ಕಟಕಟೆಗೆ ಹತ್ತಿರ ಮಾಡುತ್ತಿರುತ್ತಾರೆ. ನಿಶ್ಚಿತಾರ್ಥಕ್ಕೆ ಮೊದಲೇ, ಹಿರಿಯರ ಮೂಲಕವಲ್ಲ, ಹುಡುಗ-ಹುಡುಗಿಯೇ ಕೂತು ಮಾತಾಡುವುದು ಲೇಸು. ಗುರುತೇ ಆಗದೆ ಮದುವೆಯಾಗಿದ್ದರೆ ಅದನ್ನು ಮುಚ್ಚಿಟ್ಟದ್ದು ಎನ್ನಲಾಗದು.

ಚಿಕಿತ್ಸೆ ಇದೆಯೇ?

ಆಟಿಸಂ ಅನ್ನೇ ಗುಣಪಡಿಸುವ ಮಾತ್ರೆ ಇಲ್ಲ. ಜೊತೆಗೆ ಬರುವ ಆತಂಕ, ಖಿನ್ನತೆ, ನಿದ್ರಾಹೀನತೆಗೆ ಚಿಕಿತ್ಸೆ ಇದೆ. ಮನೆಯಲ್ಲಿ ಕೆಲಸ ಮಾಡುವುದು ಸರಳ ಉಪಾಯಗಳು: ಬೇಕಾದ್ದನ್ನು ನೇರವಾಗಿ ಹೇಳುವುದು, ಮನೆಗೆಲಸ ಬರೆದಿಡುವುದು, ನೆಂಟರು ಬರುವುದನ್ನು ಹಿಂದಿನ ದಿನವೇ ತಿಳಿಸುವುದು, ಜಗಳದ ನಡುವೆ ಅರ್ಧ ಗಂಟೆ ಬಿಡುವು ಕೊಡುವುದು. ಸದಾ ತಾನೇ ಹೊಂದಿಕೊಂಡು ದಣಿದ ಇನ್ನೊಬ್ಬ ಸಂಗಾತಿಗೂ ಪ್ರತ್ಯೇಕ ಸಮಾಲೋಚನೆ ಬೇಕಾಗಬಹುದು.

ವಯಸ್ಕರಲ್ಲಿ ಆಟಿಸಂ ಗುರುತಿಸಲು ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಬಾಲ್ಯದ ವಿವರ ಕೇಳಿ ನಿರ್ಧರಿಸುತ್ತಾರೆ. ಮಾತು ಬಂದದ್ದು ಯಾವಾಗ, ಯಾರ ಜೊತೆ ಆಡುತ್ತಿದ್ದ, ಯಾವ ಸದ್ದಿಗೆ ಕಿವಿ ಮುಚ್ಚುತ್ತಿದ್ದ ಎಂಬುದೆಲ್ಲ ಬೇಕಾಗುತ್ತದೆ. ಹೀಗಾಗಿ ತಪಾಸಣೆಗೆ ಹೋಗುವಾಗ ಸಾಧ್ಯವಾದರೆ ತಾಯಿಯನ್ನು ಕರೆದೊಯ್ಯಿರಿ, ಹಳೆಯ ಶಾಲಾ ಪ್ರಗತಿಪತ್ರ ಇದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿ.