ಸಮೋವದ ಕೆಸು

ಪೆಸಿಫಿಕ್ ಸಾಗರದ ಸಮೋವ ದ್ವೀಪಗಳಲ್ಲಿ ಕೆಸುವಿಗೆ 'ತಾಲೊ' ಎಂದು ಹೆಸರು. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಪತ್ರೊಡೆಗೆ ಎಲೆ ಕೊಡುವ ಗಿಡವೇ ಇದು. ಅಲ್ಲಿ ಇದರ ಗೆಡ್ಡೆಯೇ ಊಟ. ಸುಮಾರು 3000 ವರ್ಷಗಳ ಹಿಂದೆ ದೋಣಿಗಳಲ್ಲಿ ಪೂರ್ವಕ್ಕೆ ಸಾಗಿದ ಜನ ಇದನ್ನು ಜೊತೆಗೆ ಒಯ್ದರು. ಒಯ್ದದ್ದು ಬೀಜವನ್ನಲ್ಲ. ಗೆಡ್ಡೆಯ ತಲೆಯನ್ನು ತೆಳುವಾಗಿ ಕೊಯ್ದು, ದಂಟಿನ ಬುಡ ಉಳಿಸಿಕೊಂಡು ಎಲೆ ಸವರಿದರೆ ಅದೇ ಸಸಿ. ಸಮೋವದವರು ಅದನ್ನು 'ತಿಯಾಪುಲ' ಎನ್ನುತ್ತಾರೆ. ಹೀಗೆ ನೆಟ್ಟದ್ದು ತಾಯಿಗಿಡದ ಪಡಿಯಚ್ಚು. ದ್ವೀಪದಿಂದ ದ್ವೀಪಕ್ಕೆ ದಾಟುತ್ತ ಕೆಲವೇ ಗಿಡಗಳ ಸಂತತಿ ಉಳಿಯಿತು. ತಳಿಗಳಿಗೆ ಹೆಸರು ಹಲವಿದ್ದರೂ ಅವೆಲ್ಲ ಹತ್ತಿರದ ನೆಂಟರೇ.

ನ್ಯೂಜಿಲೆಂಡಿಗೆ ವಲಸೆ ಹೋದ ದ್ವೀಪವಾಸಿಗಳಿಗೆ 'ತಾಲೊ ನಿಯುವೆ' ತಳಿಯೇ ಅಚ್ಚುಮೆಚ್ಚು. ರಫ್ತಿನ ಬೇಡಿಕೆಗೆ ಸಮೋವದ ಹೊಲಗಳನ್ನೆಲ್ಲ ಅದೊಂದೇ ತುಂಬಿತು. 1993ರಲ್ಲಿ ಎಲೆ ಅಂಗಮಾರಿ ಬಂತು. ಎಲೆಯ ಮೇಲೆ ನೀರು ಕುಡಿದಂಥ ಕಂದು ಚುಕ್ಕೆ, ಬೆಳಗಿನ ಹೊತ್ತು ಅದರ ಅಂಚಿಗೆ ಬಿಳಿ ಪುಡಿ, ನಡುವೆ ಕಿತ್ತಳೆ ಬಣ್ಣದ ಹನಿ. ತಿಂಗಳಿಗೂ ಮಿಕ್ಕಿ ಬಾಳುವ ಎಲೆ ಇಪ್ಪತ್ತು ದಿನದೊಳಗೆ ಕೊಳೆಯಿತು. ಉಣಿಸುವ ಎಲೆಯಿಲ್ಲದೆ ಗೆಡ್ಡೆ ದಪ್ಪವಾಗಲಿಲ್ಲ. ರೋಗಾಣು ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಕುಲದ್ದೇ. ಭಾರತದಲ್ಲಿ ಬಟ್ಲರ್ ಮತ್ತು ಕುಲಕರ್ಣಿ ಎಂಬ ವಿಜ್ಞಾನಿಗಳು 1913ರಷ್ಟು ಹಿಂದೆಯೇ ಕೆಸುವಿನ ಈ ಅಂಗಮಾರಿಯನ್ನು ವಿವರಿಸಿದ್ದರು. ಏಷ್ಯದ ಕೆಸು ಈ ರೋಗದೊಡನೆ ಬಹುಕಾಲದಿಂದ ಬದುಕಿತ್ತು. ಸಮೋವದ ಕೆಸು ಅದನ್ನು ಕಂಡೇ ಇರಲಿಲ್ಲ. 1994ರಲ್ಲಿ ರಫ್ತು ಹೆಚ್ಚುಕಡಿಮೆ ನಿಂತೇ ಹೋಯಿತು.

ಔಷಧ ಸಿಂಪಡಿಸಿ ಗೆಲ್ಲುವ ಪ್ರಯತ್ನ ಮಳೆಯೆದುರು ಸೋತಿತು. ಉಳಿದದ್ದು ತಳಿ ಸುಧಾರಣೆ. ಕೆಸು ಹೂ ಬಿಡುವುದೇ ಅಪರೂಪ; ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿ ಹೂ ಬರಿಸಬೇಕು, ಪರಾಗವನ್ನು ಕೈಯಿಂದ ಸೋಕಿಸಬೇಕು. ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ ಅಲಾಫುವ ಆವರಣದಲ್ಲಿ ಪಲಾವು, ಮೈಕ್ರೊನೇಷ್ಯ, ಫಿಲಿಪ್ಪೀನ್ಸ್ ತಳಿಗಳನ್ನು ಸ್ಥಳೀಯ ತಳಿಗಳೊಡನೆ ಕೂಡಿಸಲಾಯಿತು. ರೋಗ ತಡೆಯುವ ಗುಣ ಹಲವು ವಂಶವಾಹಿಗಳಲ್ಲಿ ಹಂಚಿಹೋಗಿರುವುದರಿಂದ, ಪ್ರತಿ ಸುತ್ತಿನ ಉತ್ತಮ ಗಿಡಗಳನ್ನೇ ಮತ್ತೆ ಮತ್ತೆ ಕೂಡಿಸಬೇಕಾಯಿತು. ಮುಂದೆ ಏಷ್ಯದ ಬೇರೆ ತಳಿಗಳೂ ಸೇರಿದವು.

ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮೆಚ್ಚತಕ್ಕದ್ದು ರೈತರ ಪಾತ್ರ. ಅವರು ಸಂಘ ಕಟ್ಟಿಕೊಂಡು, ಹೊಸ ಸಸಿಗಳನ್ನು ತಮ್ಮ ಹೊಲದಲ್ಲೇ ಬೆಳೆಸಿ, ಬೇಯಿಸಿ ತಿಂದು ಆರಿಸಿದರು. ರೋಗ ತಡೆದರೂ ರುಚಿಯಿಲ್ಲದ ಗೆಡ್ಡೆಯನ್ನು ಯಾರೂ ಎರಡನೆಯ ಸಲ ನೆಡುವುದಿಲ್ಲ.

ಫಿಜಿಯ ಸುವಾದಲ್ಲಿರುವ ಪ್ರಾದೇಶಿಕ ಸಸ್ಯನಿಧಿ ಈ ಹೊಸ ತಳಿಗಳನ್ನು ಅಂಗಾಂಶ ಕೃಷಿಯ ನಳಿಕೆಗಳಲ್ಲಿ ಕಾಪಾಡಿತು. 2010ರ ಸುಮಾರಿಗೆ ಇದೇ ಅಂಗಮಾರಿ ಕ್ಯಾಮರೂನ್, ನೈಜೀರಿಯ, ಘಾನಾಗಳ ಕೆಸುವನ್ನು ಕೆಡಿಸಿದಾಗ, ಸುವಾದಿಂದ ಆಫ್ರಿಕಕ್ಕೆ ಹೋದ ಸಸಿಗಳಲ್ಲಿ ಸಮೋವದ ತಳಿಗಳೂ ಇದ್ದವು.