‘ಬೇರೆ’ಯಾದವರು

ಶಹಾಪುರ ಸೀಮೆಯ ದೋರನಹಳ್ಳಿಯಂಥ ಊರುಗಳಲ್ಲಿ ಅಣ್ಣತಮ್ಮಂದಿರು ಹೊಲಮನೆ ಹಂಚಿಕೊಂಡರೆ ಜನರು ‘ವಿಭಾಗವಾಯಿತು’ ಎನ್ನುವುದಿಲ್ಲ, ‘ಬ್ಯಾರಿ ಆದ್ರು’ ಎನ್ನುತ್ತಾರೆ. ಈ ‘ಬೇರೆ’ಯನ್ನು ಮರದ ‘ಬೇರಿ’ನಿಂದ ಹುಟ್ಟಿಸಿ, ಒಂದೇ ಬುಡದಿಂದ ಬೇರುಗಳು ಕವಲೊಡೆದಂತೆ ಎಂದು ವಿವರಿಸಿದರೆ ಕಿವಿಗೆ ಸೊಗಸು. ಆದರೆ ಆ ವಿವರಣೆ ನಿಲ್ಲದು. ಹಳಗನ್ನಡದಲ್ಲಿ ಮರದ್ದು ‘ಬೇರ್’, ಸಾಮಾನ್ಯ ರೇಫದ್ದು. ಪ್ರತ್ಯೇಕವೆಂಬ ಅರ್ಥದ್ದು ‘ಬೇಱೆ’, ಶಕಟರೇಫದ್ದು. ತಮಿಳು ಇಂದಿಗೂ ‘ವೇರ್’, ‘ವೇಱು’ ಎಂದು ಎರಡನ್ನೂ ಬೇರ್ಪಡಿಸಿಯೇ ಬರೆಯುತ್ತದೆ. ಕನ್ನಡ ಬರವಣಿಗೆಯಿಂದ ಱಕಾರವು ಮರೆಯಾದ ಮೇಲೆ ಎರಡು ಮನೆತನದ ಪದಗಳು ಒಂದೇ ಮನೆಯವಂತೆ ಕಂಡವು.

ಶಾಸ್ತ್ರದ ‘ವಿಭಾಗ’ಕ್ಕೆ ಮೂಲ ಸಂಸ್ಕೃತದ ‘ಭಜ್’ ಧಾತು, ಅಂದರೆ ಹಂಚು. ಭಾಗ, ವಿಭಕ್ತಿ, ಅಷ್ಟೇಕೆ, ಭಕ್ತಿಯೂ ಅದರ ಸಂತಾನವೇ. ಇದೇ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಅವನ ಮತದಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟು. ವಿಭಾಗವು ಹೊಸ ಹಕ್ಕನ್ನು ಕೊಡುವುದಿಲ್ಲ. ಒಟ್ಟು ಆಸ್ತಿಯ ಮೇಲೆ ಹಲವರಿಗಿದ್ದ ಹಕ್ಕನ್ನು ಒಂದೊಂದು ಅಂಶದಲ್ಲಿ ನಿಲ್ಲಿಸುತ್ತದೆ, ಅಷ್ಟೆ. ಬಂಗಾಳದ ಜೀಮೂತವಾಹನನು ಇದನ್ನು ಒಪ್ಪಲಿಲ್ಲ. ಆ ಜನ್ಮಸ್ವತ್ವವು ಹೆಣ್ಣುಮಕ್ಕಳನ್ನು ತಲುಪಲು ಬಹುಕಾಲ ಹಿಡಿಯಿತು: ಕರ್ನಾಟಕದಲ್ಲಿ 1994ರ ತಿದ್ದುಪಡಿ ಆಗಿನ್ನೂ ಮದುವೆಯಾಗಿರದವರಿಗೆ ಮಾತ್ರ ಅದನ್ನು ಕೊಟ್ಟಿತು, ಮದುವೆಯಾದವರಿಗೂ ದೊರೆತದ್ದು 2005ರ ಕೇಂದ್ರ ತಿದ್ದುಪಡಿಯಿಂದ.

ಪಾಲು ಆಗಿದೆಯೋ ಇಲ್ಲವೋ ಎಂಬ ವಿವಾದದಲ್ಲಿ ಧರ್ಮಶಾಸ್ತ್ರವು ಪ್ರತ್ಯೇಕ ಅಡುಗೆಯನ್ನೂ ಒಂದು ಗುರುತಾಗಿ ಎಣಿಸಿತು. ಹಳ್ಳಿಯವರು ಹೇಳುವುದೂ ಅದನ್ನೇ: ‘ಅವರ ಒಲಿ ಬ್ಯಾರಿ ಆಗ್ಯಾದ.’