ಲೋಹಕ್ಕಿಂತ ಮೊದಲು ರಬ್ಬರು: ಹಳೆಯ ಚೈನ್‌ಸಾಗಳ ದುರಸ್ತಿ ನಡೆದುಬಂದ ದಾರಿ

ಅರವತ್ತರ ದಶಕದ ಅಮೆರಿಕನ್ ಅಥವಾ ಜರ್ಮನ್ ಚೈನ್‌ಸಾವನ್ನು ಬಿಚ್ಚಿ ನೋಡಿದವರಿಗೆ ಗೊತ್ತು, ಕ್ರ್ಯಾಂಕು, ಕನೆಕ್ಟಿಂಗ್ ರಾಡು, ಬೇರಿಂಗುಗಳು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತವೆ. ಪೆಟ್ರೋಲ್ ಪೈಪು ಮಾತ್ರ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಕಾರ್ಬರೇಟರಿನೊಳಗಿನ ಡಯಾಫ್ರಂ ಸೆಟೆದುಕೊಂಡಿರುತ್ತದೆ. ಆಯಿಲ್ ಸೀಲಿನ ತುಟಿ ಒಣಗಿ ಗಾಳಿ ಎಳೆಯುತ್ತದೆ, ಗ್ಯಾಸ್ಕೆಟ್ಟು ಕೈಗೆ ಪುಡಿಪುಡಿಯಾಗಿ ಬರುತ್ತದೆ. ಆದ್ದರಿಂದ ಈ ಯಂತ್ರಗಳ ದುರಸ್ತಿಯ ಚರಿತ್ರೆ ಬಹುಮಟ್ಟಿಗೆ ಈ ಮೆತ್ತನೆಯ ಭಾಗಗಳು ಎಲ್ಲೆಲ್ಲಿ ಸಿಕ್ಕವು, ಎಲ್ಲಿ ಸಿಗದೇ ಹೋದವು ಎಂಬುದರ ಚರಿತ್ರೆ. ಪೇಟೆಯಲ್ಲಿ ಎಲ್ಲರಿಗೂ ಸಿಗುವ ಕಾರ್ಬರೇಟರು, ಬೇರಿಂಗು, ಪ್ಲಗ್ಗು ಹಾಕಿ ಕಟ್ಟಿದ ಗರಗಸಗಳು ಇಂದಿಗೂ ಓಡುತ್ತಿವೆ. ಪ್ರತಿಯೊಂದನ್ನೂ ತನ್ನ ಕಾರ್ಖಾನೆಯಲ್ಲೇ ಮಾಡಿಕೊಂಡ ಕಂಪನಿಯ ಒಳ್ಳೊಳ್ಳೆಯ ಯಂತ್ರಗಳು ಒಂದು ಚಿಕ್ಕ ರಬ್ಬರ್ ತುಂಡಿಗಾಗಿ ಗುಜರಿ ಸೇರಿವೆ.

ಮೊದಲ ತಲೆಮಾರಿನ ಯಂತ್ರಗಳು ಜರ್ಮನಿಯವು. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ತಯಾರಿಸಿದ ವಿದ್ಯುತ್ ಗರಗಸದ ತೂಕ ಸುಮಾರು 64 ಕಿಲೋ. ಹಿಡಿಯಲು ಇಬ್ಬರು ಬೇಕು. ಮರುವರ್ಷ ಎಮಿಲ್ ಲೆರ್ಪ್ ತನ್ನ ಪೆಟ್ರೋಲ್ ಗರಗಸವನ್ನು ತುರಿಂಗಿಯಾದ ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿದ. ಆತನ ಕಂಪನಿಗೂ ಆ ಬೆಟ್ಟದ ಹೆಸರೇ ನಿಂತಿತು. 1929ರಲ್ಲಿ ಸ್ಟಿಲ್‌ನ ಪೆಟ್ರೋಲ್ ಯಂತ್ರವೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸರಕು ನಿಂತಾಗ ವ್ಯಾಂಕೂವರ್‌ನ ಐಇಎಲ್‌ನಂಥ ಉತ್ತರ ಅಮೆರಿಕದ ಕಂಪನಿಗಳು ತಾವೇ ತಯಾರಿಕೆಗೆ ಇಳಿದವು. ಆ ಕಾಲದ ಕಾರ್ಬರೇಟರಿನಲ್ಲಿ ಫ್ಲೋಟ್ ಇರುತ್ತಿತ್ತು, ಎಂಜಿನ್ನು ಓರೆಯಾದರೆ ಪೆಟ್ರೋಲ್ ಹರಿಯುವುದು ನಿಲ್ಲುತ್ತಿತ್ತು. ನಿಂತ ಮರ ಕಡಿಯಲು ಬಾರನ್ನು (ಚೈನು ಸುತ್ತುವ ಪಟ್ಟಿ) ಅಡ್ಡ ಹಿಡಿಯಬೇಕು, ಬಿದ್ದ ಮರ ತುಂಡು ಮಾಡಲು ನೆಟ್ಟಗೆ ಹಿಡಿಯಬೇಕು. ಅದಕ್ಕಾಗಿ ಬಾರೋ ಕಾರ್ಬರೇಟರೋ ತಿರುಗುವಂತೆ ಮಾಡುತ್ತಿದ್ದರು. ಇಂಥ ಯಂತ್ರವನ್ನು ಇಂದು ಮತ್ತೆ ಓಡಿಸುವವರಿಗೆ ಲೇಥ್ ಕೆಲಸ ಬಾರದೆ ವಿಧಿಯಿಲ್ಲ. ಇದರ ಭಾಗಗಳು ಯಾವ ಅಂಗಡಿಯಲ್ಲೂ ಇಲ್ಲ.

ಚೈನಿನ ಕಥೆ ಬೇರೆ, ಅದು ಸುಖಾಂತ. ಮೊದಲಿನ ಚೈನುಗಳಿಗೆ ಕೈಗರಗಸದ ನೇರ ಹಲ್ಲು. ಅವು ಮರವನ್ನು ಕೆರೆಯುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು, ಅರ ಹಾಕಿ ಹರಿತ ಮಾಡಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ 1946ರಲ್ಲಿ ಒರೆಗಾನ್ ಕಾಡಿನಲ್ಲಿ, ಮರ ಕೊರೆಯುವ ದುಂಬಿಯ ಹುಳು ದಿಮ್ಮಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತರಿಸುತ್ತ ಸಾಗುವುದನ್ನು ನೋಡಿದ. ಆ ಹುಳುವಿನ ಬಾಗಿದ ದವಡೆಯನ್ನು ಉಕ್ಕಿನಲ್ಲಿ ಮಾಡಿ, ಎಡ ಬಲ ಹಲ್ಲುಗಳನ್ನು ಸರದಿಯಂತೆ ಜೋಡಿಸಿ, 1947ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಒರೆಗಾನ್ ಸಾ ಚೈನ್ ಕಂಪನಿ ತೆರೆದ. ಹಲ್ಲು ಬಾಗಿರುವುದರಿಂದ ದುಂಡು ಅರ ಒಂದಿದ್ದರೆ ಕಾಡಿನಲ್ಲೇ ಕೂತು ಹರಿತ ಮಾಡಬಹುದು. ಇಂದಿನ ಬಹುತೇಕ ಚೈನುಗಳು ಆ ಹಲ್ಲಿನ ವಂಶದವೇ. ಹಳೆಯ ಯಂತ್ರಕ್ಕೂ ಇದು ಅನುಕೂಲವೇ ಆಯಿತು: ಅರ್ಧ ಇಂಚು, 7/16 ಇಂಚು ಪಿಚ್ಚಿನ ಚೈನುಗಳು ಈಗ ಅಪರೂಪವಾದರೂ, ಸ್ಪ್ರಾಕೆಟ್ಟನ್ನೂ ಬಾರನ್ನೂ ಬದಲಿಸಿ 0.404 ಅಥವಾ 3/8 ಪಿಚ್ಚಿಗೆ ತಂದರೆ ಐವತ್ತರ ದಶಕದ ಯಂತ್ರವೂ ಇಂದಿನ ಚೈನನ್ನು ಎಳೆಯುತ್ತದೆ. ಸಂಗ್ರಾಹಕರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ಮೂಲ ರೂಪ ಕೆಟ್ಟಿತು ಎನ್ನುತ್ತಾರೆ. ಗರಗಸ ಇರುವುದು ಮರ ಕೊಯ್ಯಲು. ಈ ಬದಲಾವಣೆಯಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ಇಂದು ದುರಸ್ತಿಗೆ ಬರುವ ಯಂತ್ರಗಳ ನಿಜವಾದ ಕಾಲ ಶುರುವಾಗುವುದು ಒಬ್ಬನೇ ಹಿಡಿಯಬಹುದಾದ ಗರಗಸ ಬಂದ ಮೇಲೆ. 1949ರಲ್ಲಿ ಮೆಕಲ್ಲಕ್ ಕಂಪನಿಯ 3-25, ಸುಮಾರು 11 ಕಿಲೋ. 1950ರಲ್ಲಿ ಸ್ಟಿಲ್ ಬಿಎಲ್, 16 ಕಿಲೋ. 1959ರಲ್ಲಿ ಗೇರ್ ಇಲ್ಲದೆ ನೇರವಾಗಿ ಚೈನು ಓಡಿಸುವ ಸ್ಟಿಲ್ ಕಾಂಟ್ರಾ. ಅದೇ ವರ್ಷ ಸ್ವೀಡನ್ನಿನ ಹಸ್ಕ್ವರ್ನಾ ತನ್ನ ಮೊದಲ ಚೈನ್‌ಸಾ ತಂದಿತು. 1963ರ ಹೋಮ್‌ಲೈಟ್ ಎಕ್ಸ್‌ಎಲ್-12 ಮನೆಮನೆಗೆ ಹೋಯಿತು. ಇವುಗಳಲ್ಲಿ ಹೆಚ್ಚಿನವಕ್ಕೆ ದಾರಿ ಮಾಡಿಕೊಟ್ಟದ್ದು ಯಾವ ಕೋನದಲ್ಲಿ ಹಿಡಿದರೂ ಕೆಲಸ ಮಾಡುವ ಡಯಾಫ್ರಂ ಕಾರ್ಬರೇಟರು. ಟಿಲಟ್‌ಸನ್, ಆಮೇಲೆ ವಾಲ್ಬ್ರೋ ಕಂಪನಿಗಳು ಅದನ್ನು ಹತ್ತಾರು ಗರಗಸ ತಯಾರಕರಿಗೆ ಮಾರಿದವು. ಹಳೆಯ ಚೈನ್‌ಸಾ ಬದುಕಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಗರಗಸದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅದರ ಟಿಲಟ್‌ಸನ್ ಕಾರ್ಬರೇಟರಿನ ಕಿಟ್ಟು ಇನ್ನೂ ಸಿಗುತ್ತದೆ. ಮೆಕಲ್ಲಕ್ ತನ್ನ ಕೆಲವು ಮಾದರಿಗಳಿಗೆ ಸ್ವಂತ ಕಾರ್ಬರೇಟರು ಹಾಕಿತ್ತು. ಅಂಥವು ಕೈಗೆ ಬಂದಾಗ ಮೆಕ್ಯಾನಿಕ್ಕುಗಳು ಹುಡುಕುವುದು ಅದೇ ಸರಣಿಯ, ಹೊರಗಿನ ಕಾರ್ಬರೇಟರಿರುವ ಇನ್ನೊಂದು ಯಂತ್ರವನ್ನು.

ಡಯಾಫ್ರಂ ಕಾರ್ಬರೇಟರನ್ನು ಬಿಚ್ಚುವಾಗ ನಾಲ್ಕು ಸ್ಕ್ರೂ ತೆಗೆದರೆ ಮುಚ್ಚಳ ಕಳಚುತ್ತದೆ. ಒಳಗೆ ಡಯಾಫ್ರಂ, ಅದರ ಕೆಳಗೆ ಚಿಕ್ಕ ಲಿವರು, ಲಿವರಿನ ಅಡಿಯಲ್ಲಿ ಕೂದಲೆಳೆ ದಪ್ಪದ ತಂತಿಯ ಸ್ಪ್ರಿಂಗು, ತುದಿಯಲ್ಲಿ ಸೂಜಿ. ಲಿವರು ಹಾರಿದರೆ ಸ್ಪ್ರಿಂಗು ಎಲ್ಲಿ ಬಿತ್ತೆಂದು ಗೊತ್ತಾಗುವುದಿಲ್ಲ. ಬಿಳಿ ಬಟ್ಟೆ ಹಾಸಿ ಕೂರುವುದು ಅದಕ್ಕೇ. ಲಿವರಿನ ಎತ್ತರ ಸ್ವಲ್ಪ ಹೆಚ್ಚಾದರೆ ಎಂಜಿನ್ನು ಪೆಟ್ರೋಲಿನಲ್ಲಿ ಮುಳುಗುತ್ತದೆ, ಕಡಿಮೆಯಾದರೆ ಭಾರ ಬಿದ್ದಾಗ ಹಸಿಯುತ್ತದೆ. ಜೋಡಿಸುವಾಗ ಬಹುತೇಕ ಮಾದರಿಗಳಲ್ಲಿ ಲಿವರಿನ ಕಡೆ ಮೊದಲು ಗ್ಯಾಸ್ಕೆಟ್ಟು, ಆಮೇಲೆ ಡಯಾಫ್ರಂ; ಪಂಪಿನ ಕಡೆ ಮೊದಲು ಡಯಾಫ್ರಂ, ಆಮೇಲೆ ಗ್ಯಾಸ್ಕೆಟ್ಟು. ಹಿಂದುಮುಂದಾದರೆ ಹಗ್ಗ ಎಷ್ಟು ಎಳೆದರೂ ಯಂತ್ರ ಸ್ಟಾರ್ಟ್ ಆಗುವುದಿಲ್ಲ.

ಇಗ್ನಿಷನ್ನಿನ ಕಡೆ ಕಷ್ಟ ಕಡಿಮೆ. ಹಳೆಯ ಯಂತ್ರಗಳಲ್ಲಿ ಫ್ಲೈವೀಲಿನ ಅಡಿ ಪಾಯಿಂಟು ಮತ್ತು ಕಂಡೆನ್ಸರು. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಓಡಿಸುವವರಿಗೆ ಈ ಲೋಕ ಅಪರಿಚಿತವಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಪಾಯಿಂಟಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿರುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದ ಎಳೆದರೆ ಎಷ್ಟೋ ಸಲ ಕಿಡಿ ಮರಳಿ ಬರುತ್ತದೆ. ಅಂತರ ಸುಮಾರು 0.38 ಮಿಲಿಮೀಟರ್. ಎಪ್ಪತ್ತರ ದಶಕದಿಂದ ಎಲೆಕ್ಟ್ರಾನಿಕ್ ಇಗ್ನಿಷನ್ ಹರಡಿತು, ಪಾಯಿಂಟಿನ ಜಾಗದಲ್ಲಿ ಹಾಕಬಹುದಾದ ಚಿಕ್ಕ ಮಾಡ್ಯೂಲುಗಳೂ ಬಂದವು. ಕಾಯಿಲ್ ಸುಟ್ಟರೆ ಮಾತ್ರ ಹುಡುಕಾಟ ಶುರು.

ದೊಡ್ಡ ಪೆಟ್ಟು ಬಿದ್ದದ್ದು ತಂತ್ರಜ್ಞಾನದಿಂದಲ್ಲ, ಕಂಪನಿಗಳ ಮಾರಾಟದಿಂದ. ಹೋಮ್‌ಲೈಟ್ 1955ರಲ್ಲಿ ಟೆಕ್ಸ್‌ಟ್ರಾನ್ ಪಾಲಾಯಿತು, 1994ರಲ್ಲಿ ಜಾನ್ ಡಿಯರ್ ಕೈಗೆ, ಆಮೇಲೆ ಹಾಂಗ್‌ಕಾಂಗಿನ ಟಿಟಿಐಗೆ. ಮೆಕಲ್ಲಕ್ 1970ರ ದಶಕದಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಸೇರಿ, ಮತ್ತೆ ಕೈ ಬದಲಿಸಿ, 1999ರಲ್ಲಿ ದಿವಾಳಿಯಾಯಿತು. ಹಸ್ಕ್ವರ್ನಾ, ಜಾನ್ಸರೆಡ್, ಪಾರ್ಟ್ನರ್, ಪೌಲಾನ್ ಒಂದೊಂದಾಗಿ ಎಲೆಕ್ಟ್ರೋಲಕ್ಸ್‌ನ ಕೊಡೆಯಡಿ ಬಂದವು. ಡೋಲ್ಮಾರನ್ನು 1991ರಲ್ಲಿ ಜಪಾನಿನ ಮಕಿಟಾ ಕೊಂಡಿತು. ಪ್ರತಿ ಮಾರಾಟದಲ್ಲೂ ಹೊಸ ಮಾಲೀಕನಿಗೆ ಬೇಕಾದದ್ದು ಹೆಸರು, ಮಾರಾಟಗಾರರ ಜಾಲ. ನಿಂತುಹೋದ ಮಾದರಿಯ ಅಚ್ಚು ಯಾರಿಗೂ ಬೇಡ. ಸಣ್ಣ ಊರುಗಳ ಡೀಲರುಗಳು ಅಂಗಡಿ ಮುಚ್ಚುವಾಗ ಅಟ್ಟದ ಮೇಲಿನ ಡಬ್ಬಿಗಳನ್ನು ತೂಕದ ಲೆಕ್ಕದಲ್ಲಿ ಮಾರಿದರು. ಅದನ್ನು ಕೊಂಡವರೇ ಈಗ ಹಳೆಯ ಭಾಗಗಳ ವ್ಯಾಪಾರಿಗಳು. ಕಂಪನಿಯ ಪೊಟ್ಟಣ ಒಡೆಯದ ಪಿಸ್ಟನ್ನಿಗೆ ಅವರ ಬಳಿ ಒಳ್ಳೆಯ ಬೆಲೆ. ಆದರೆ ಪೊಟ್ಟಣದೊಳಗಿನ ರಬ್ಬರಿಗೂ ಅಷ್ಟೇ ವಯಸ್ಸಾಗಿರುತ್ತದೆ. ಲೋಹದ ಭಾಗವನ್ನು ಹಳೆಯ ದಾಸ್ತಾನಿನಿಂದ ಕೊಳ್ಳಿ, ಡಯಾಫ್ರಮ್ಮನ್ನೂ ಸೀಲನ್ನೂ ಎಂದಿಗೂ ಕೊಳ್ಳಬೇಡಿ. ಕ್ರ್ಯಾಂಕ್ ಸೀಲುಗಳನ್ನಂತೂ ಅಳತೆ ಹೇಳಿ ಬೇರಿಂಗ್ ಅಂಗಡಿಯಲ್ಲೇ ಹುಡುಕಬಹುದು.

ಇನ್ನೊಂದು ದಾರಿ ಹೊಸದಾಗಿ ಮಾಡಿದ ಭಾಗಗಳು. ಇಟಲಿಯ ಮೀಟಿಯೋರ್ ಪಿಸ್ಟನ್, ಕೇಬರ್ ರಿಂಗುಗಳಿಗೆ ಮೆಕ್ಯಾನಿಕ್ಕುಗಳಲ್ಲಿ ಒಳ್ಳೆಯ ಹೆಸರಿದೆ. ಸ್ಟಿಲ್‌ನ 070 ಎಂಬ 106 ಸಿಸಿ ಯಂತ್ರದ ಕಥೆ ಮಾತ್ರ ವಿಶೇಷ. ಕಾಂಟ್ರಾದ ಸಂತತಿಯಾದ ಅದರ ನಕಲುಗಳು ಚೀನಾದಿಂದ ಧಾರಾಳವಾಗಿ ಬರುತ್ತಿವೆ. ದಿಮ್ಮಿ ಸೀಳಿ ಹಲಗೆ ಮಾಡುವವರಿಗೆ ಅವು ಪ್ರಿಯ. ನಕಲಿನ ಗುಣಮಟ್ಟದಲ್ಲಿ ಏರುಪೇರಿದೆ ನಿಜ. ಆದರೂ ಅರವತ್ತರ ದಶಕದ ವಿನ್ಯಾಸವೊಂದರ ಸಿಲಿಂಡರು, ಕ್ಲಚ್ಚು, ಹಿಡಿ ಎಲ್ಲವೂ ಹೊಸದಾಗಿ ಸಿಗುತ್ತಿರುವುದು ಇದರಿಂದಲೇ. ಅದೇ ವಯಸ್ಸಿನ ಎಷ್ಟೋ ಅಮೆರಿಕನ್ ಯಂತ್ರಗಳಿಗೆ ಈ ಭಾಗ್ಯವಿಲ್ಲ.

ಸೀಜ್ ಆದ ಎಂಜಿನ್ನನ್ನೂ ಕೂಡಲೇ ಬಿಸಾಡಬೇಕಿಲ್ಲ. ಅನೇಕ ಸಲ ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರಿನ ಕ್ರೋಮ್ ಲೇಪನದ ಮೇಲೆ ಮೆತ್ತಿಕೊಂಡಿರುತ್ತದೆ, ಅಷ್ಟೇ. ಕೈಗವಸು, ಕನ್ನಡಕ ಹಾಕಿಕೊಂಡು ಕಾಸ್ಟಿಕ್ ಸೋಡಾ ದ್ರಾವಣವನ್ನು ಹತ್ತಿಯಲ್ಲಿ ತೆಗೆದು ಕಲೆಯ ಮೇಲಷ್ಟೇ ಹಚ್ಚಿದರೆ ನೊರೆ ಏಳುತ್ತದೆ. ಒರೆಸಿ ಮತ್ತೆ ಹಚ್ಚಬೇಕು. ನೊರೆ ನಿಂತರೆ ಮೆತ್ತಿದ್ದು ಕರಗಿತು, ಕೆಳಗಿನ ಕ್ರೋಮ್ ಭದ್ರ. ನಿಲ್ಲದಿದ್ದರೆ ಲೇಪನ ಹೋಗಿದೆ, ಕರಗುತ್ತಿರುವುದು ಸಿಲಿಂಡರೇ. ಕೂಡಲೇ ತೊಳೆದು ಬೇರೆ ಸಿಲಿಂಡರ್ ಹುಡುಕಬೇಕು.

ಈಗಿನ ಹೊಸ ಶತ್ರು ಎಥೆನಾಲ್. ಅಮೆರಿಕದಲ್ಲಿ ಅದನ್ನು ಶೇಕಡಾ 10 ಬೆರೆಸಿದ ಪೆಟ್ರೋಲು ಸಾಮಾನ್ಯವಾದ ಮೇಲೆ ಹಳೆಯ ಡಯಾಫ್ರಂ, ಪೈಪುಗಳು ಬೇಗ ಹಾಳಾಗತೊಡಗಿದವು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಆ ನೀರು ಟ್ಯಾಂಕಿನ ತಳದಲ್ಲಿ ನಿಂತು ಮೆಗ್ನೀಷಿಯಂ ತಿನ್ನುತ್ತದೆ. ನಮ್ಮಲ್ಲಿ ಈಗ ಶೇಕಡಾ 20 ಬೆರೆಸಿದ್ದೇ ಬಂದಿದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ನೆರಳಿನ ಮರ ಸವರಲು ಚೈನ್‌ಸಾ ಇಟ್ಟುಕೊಂಡ ತೋಟದವರು, ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ ಇಡುವುದು ಒಳ್ಳೆಯದು. ಮಳೆಗಾಲವಿಡೀ ಪೆಟ್ರೋಲ್ ತುಂಬಿಟ್ಟ ಯಂತ್ರ ಹೊಸದಾದರೂ ಉಳಿಯುವುದು ಕಷ್ಟ.

ಹಳೆಯ ಯಂತ್ರಕ್ಕೆ ಎಷ್ಟೇ ಭಾಗ ಸಿಕ್ಕರೂ ಸೇರಿಸಲಾಗದ್ದು ಚೈನ್ ಬ್ರೇಕು. ಅದು ಬಂದದ್ದು ಎಪ್ಪತ್ತರ ದಶಕದಲ್ಲಿ. ನಡುಕ ತಡೆಯುವ ರಬ್ಬರ್ ಹಿಡಿಕೆ ಅರವತ್ತರ ನಡುವಿನಲ್ಲಿ ಬಂತು. ಅದಕ್ಕೆ ಮೊದಲು ವರ್ಷಗಟ್ಟಲೆ ದುಡಿದವರ ಬೆರಳುಗಳಿಗೆ ರಕ್ತ ಹರಿಯದೆ ಬೆಳ್ಳಗಾಗುತ್ತಿದ್ದವು. ಬಾರಿನ ತುದಿ ಮರಕ್ಕೆ ತಗುಲಿ ಗರಗಸ ಮುಖದತ್ತ ಚಿಮ್ಮಿದರೆ ಬ್ರೇಕಿಲ್ಲದ ಯಂತ್ರದ ಚೈನು ನಿಲ್ಲುವುದಿಲ್ಲ. ಇಂಥದ್ದನ್ನು ದುರಸ್ತಿ ಮಾಡಿ ಆಗಾಗ ಒಂದು ದಿಮ್ಮಿ ಕೊಯ್ಯಲಿ, ಸಂತೋಷ. ದಿನಗೂಲಿಯವನ ಕೈಗೆ ಕೊಟ್ಟು ಮರ ಹತ್ತಿಸುವುದನ್ನು ನಾನು ಒಪ್ಪುವುದಿಲ್ಲ.

ಈಚೆಗೆ ತ್ರೀಡಿ ಮುದ್ರಣವೂ ಈ ಕೆಲಸಕ್ಕೆ ಬಂದಿದೆ. ಏರ್ ಫಿಲ್ಟರಿನ ಮುಚ್ಚಳ, ಗುಂಡಿ, ಟ್ಯಾಂಕಿನ ಬಿರಡೆಯಂಥವನ್ನು ಪೆಟ್ರೋಲಿಗೂ ಬಿಸಿಗೂ ಜಗ್ಗದ ನೈಲಾನಿನಲ್ಲಿ ಮಾಡಬಹುದು. ಸಾಮಾನ್ಯ ಪ್ಲಾಸ್ಟಿಕ್ಕು ಸೈಲೆನ್ಸರಿನ ಪಕ್ಕ ಮೆತ್ತಗಾಗಿಬಿಡುತ್ತದೆ. ಕ್ರ್ಯಾಂಕ್‌ಕೇಸಿನ ಮೆಗ್ನೀಷಿಯಂ ಎರಕಕ್ಕೆ ಮಾತ್ರ ಇನ್ನೂ ಬದಲಿ ಇಲ್ಲ. ಬಿರುಕನ್ನು ನುರಿತ ವೆಲ್ಡರ್ ಟಿಗ್‌ನಲ್ಲಿ ಬೆಸೆಯಬಲ್ಲ. ಬೇರಿಂಗ್ ಕೂರುವ ಜಾಗವೇ ಸವೆದಿದ್ದರೆ ಅದೇ ಮಾದರಿಯ ಇನ್ನೊಂದು ಸತ್ತ ಯಂತ್ರ ಸಿಗುವವರೆಗೆ ಕಾಯಬೇಕು.